ಎ ಯಿಂದ ಝಡ್‌ವರೆಗೆ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಜಗಳೂರಿನ ಹತ್ತಿರದ ಹಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ್ದೇನೆ. ಈಗ ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪದಗಳನ್ನು ಅಕ್ಷರದ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟಿರುವ ಪುಸ್ತಕ ತಂದೆ. ಅದನ್ನೇ ನೋಟ್‌ಬುಕ್ಕಿಗೆ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಎ, ಬಿ ಮುಗಿದು ಸಿ ಅರ್ಧಕ್ಕೆ ಬಂದಿದೆ. ಆದರೆ ಎ ಪದಗಳು ಆಗಲೇ ಮರೆತುಹೋಗಿವೆ. ಒಂದಕ್ಕೊಂದು ಕಲಸಿಹೋಗುತ್ತವೆ. ಮಾತಾಡಲು ಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ಹೀಗೆ ಕಲಿಯುವುದು ಸರಿಯಾ? ದಿನಕ್ಕೆ ಎಷ್ಟು ಪದ ಕಲಿಯಬೇಕು? ಕನ್ನಡ ಅರ್ಥ ಬರೆದುಕೊಳ್ಳಬೇಡಿ ಎಂದು ಕೆಲವರು ಹೇಳುತ್ತಾರೆ. ಅದು ನಿಜವಾ?

ಉತ್ತರ: ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ, ಹೆದರಬೇಡಿ. ತೊಂದರೆ ಇರುವುದು ಪದಗಳನ್ನು ಜೋಡಿಸಿರುವ ರೀತಿಯಲ್ಲಿ. ಅಕ್ಷರದ ಕ್ರಮ ಪದ ಹುಡುಕುವುದಕ್ಕೆ ಮಾಡಿದ್ದು, ಪದ ಕಲಿಯುವುದಕ್ಕೆ ಮಾಡಿದ್ದಲ್ಲ.

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಟ್ಟ ಮೊದಲ ನಿಘಂಟು ಬಂದದ್ದು 1604ರಲ್ಲಿ. ಅದನ್ನು ಮಾಡಿದವರು ರಾಬರ್ಟ್ ಕಾಡ್ರಿ ಎಂಬ ಮೇಷ್ಟ್ರು. ಸುಮಾರು 2,500 ಕಷ್ಟದ ಪದಗಳು ಅದರಲ್ಲಿದ್ದವು. ಆ ಕಾಲದ ಓದುಗರಿಗೆ ಅಕ್ಷರದ ಕ್ರಮವೇ ಅಷ್ಟಾಗಿ ರೂಢಿಯಲ್ಲಿರಲಿಲ್ಲ. ಹಾಗಾಗಿ ಅವರು ಶುರುವಿನಲ್ಲೇ ತಿಳಿಸಿ ಹೇಳಬೇಕಾಯಿತು: ಪದ ಬೇಗ ಸಿಗಬೇಕಾದರೆ ಅಕ್ಷರಮಾಲೆಯನ್ನು ಪುಸ್ತಕ ನೋಡದೆ ಹೇಳಲು ಬರಬೇಕು, ಬಿ ಮೊದಲಿಗೆ, ಎನ್ ನಡುವೆ, ಟಿ ಕೊನೆಯ ಕಡೆ ಇರುತ್ತದೆ ಎಂದು ಗೊತ್ತಿರಬೇಕು. ನೋಡಿ, ಅವರ ಚಿಂತೆಯೆಲ್ಲ ಪದ ಬೇಗ ಸಿಗಬೇಕು ಎನ್ನುವುದರ ಮೇಲೆ. ನಮ್ಮಲ್ಲೂ ಫರ್ಡಿನಾಂಡ್ ಕಿಟೆಲ್ ಅವರ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಅದರಲ್ಲಿಯೂ ಅ, ಆ, ಇ ಕ್ರಮವೇ. ಅದನ್ನು ಮೊದಲ ಪುಟದಿಂದ ಓದಿ ಕನ್ನಡ ಕಲಿತವರು ಯಾರಿದ್ದಾರೆ? ನಾವೆಲ್ಲ ಮೊದಲು ಕಲಿತದ್ದು ಅಮ್ಮ, ಹಾಲು, ಬೇಕು, ಬೇಡ, ಬಾ. ಬೇಕಾದದ್ದು ಮೊದಲು ಬಂತು, ಅಷ್ಟೆ.

ಈಗ ನಿಮ್ಮ ಎ ಪುಟ ತೆಗೆಯಿರಿ. ಮೇಲೆಯೇ 'ಅಬ್‌ಡಿಕೇಟ್' ಇರುತ್ತದೆ, ಅಂದರೆ ರಾಜ ಸಿಂಹಾಸನ ಬಿಟ್ಟುಕೊಡುವುದು. ಅದರ ಕೆಳಗೆ 'ಅಬೇಯನ್ಸ್', ಅಂದರೆ ಒಂದು ಆದೇಶವನ್ನೋ ಕೆಲಸವನ್ನೋ ಸದ್ಯಕ್ಕೆ ತಡೆಹಿಡಿದಿರುವುದು. ಇನ್ನೂ ಕೆಳಗೆ ಹೋದರೆ 'ಅಬೌಟ್', 'ಅಬವ್'. ಮೊದಲಿನ ಎರಡು ಅಪರೂಪಕ್ಕೆ ಕಣ್ಣಿಗೆ ಬೀಳುತ್ತವೆ. ಕೊನೆಯ ಎರಡು ಇಲ್ಲದೆ ಇಂಗ್ಲಿಷ್ ಪುಟ ಮುಂದಕ್ಕೇ ಹೋಗುವುದಿಲ್ಲ. ಅಕ್ಷರದ ಪಟ್ಟಿಯಲ್ಲಿ ನಾಲ್ಕಕ್ಕೂ ಒಂದೇ ಜಾಗ, ಒಂದೇ ಬೆಲೆ. ನಿಮ್ಮ ಸಮಯಕ್ಕೆ ಮಾತ್ರ ಒಂದೇ ಬೆಲೆ ಅಲ್ಲ.

ಯಾವ ಪದ ಎಷ್ಟು ಸಲ ಬಳಕೆಯಾಗುತ್ತದೆ ಎಂದು ಎಣಿಸಿ ನೋಡಿದವರಿದ್ದಾರೆ. ಢಾಕಾದಲ್ಲಿ ಬಹಳ ಕಾಲ ಇಂಗ್ಲಿಷ್ ಶಿಕ್ಷಣದ ಕೆಲಸ ಮಾಡಿದ ಮೈಕೆಲ್ ವೆಸ್ಟ್ 1953ರಲ್ಲಿ, ಕಲಿಯುವವರಿಗೆ ಮೊದಲು ಬೇಕಾಗುವ ಸುಮಾರು 2,000 ಪದಗಳ ಪಟ್ಟಿ ಕೊಟ್ಟರು. ಇಂಥ 2,000 ಪದ ಚೆನ್ನಾಗಿ ಗೊತ್ತಿದ್ದರೆ ಸಾಮಾನ್ಯ ಬರಹದ ನೂರು ಪದಗಳಲ್ಲಿ ಸುಮಾರು 80 ತಿಳಿಯುತ್ತವೆ. ಇಲ್ಲಿ 'ಗೋ', 'ಗೋಯಿಂಗ್', 'ಗಾನ್' ಎಲ್ಲ ಒಂದೇ ಪದದ ಲೆಕ್ಕ. ಆಮೇಲಿನ ದಾರಿ ಉದ್ದ. ನಿಘಂಟಿನ ಸಹಾಯ ಇಲ್ಲದೆ ಪತ್ರಿಕೆ, ಕಾದಂಬರಿ ಓದಬೇಕಾದರೆ 8,000ದಿಂದ 9,000 ಪದ ಬೇಕು ಎಂದು ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾಗಾಗಿ ಮೊದಲ 2,000ದಲ್ಲಿ ಒಂದು ಪದವೂ ಜಳ್ಳಾಗಿರಬಾರದು. ಅದಾದ ಮೇಲೆ ನಿಮ್ಮ ಕೆಲಸಕ್ಕೆ, ನಿಮ್ಮ ಪರೀಕ್ಷೆಗೆ ಬೇಕಾದವು.

ಅಕ್ಷರದ ಕ್ರಮ ಹಿಡಿದು ಹೋಗುವವರಿಗೆ ಇನ್ನೊಂದು ನಷ್ಟವಿದೆ. ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರ ಎಸ್. ಓದುವ ಬರಹದಲ್ಲಿ ಪದದ ಮೊದಲಿಗೆ ಜಾಸ್ತಿ ಬರುವ ಅಕ್ಷರ ಟಿ. ಯಾಕೆಂದರೆ 'ದ', 'ಟು', 'ದಟ್', 'ದಿಸ್', 'ದೇ', 'ದೇರ್' ಎಲ್ಲ ಅಲ್ಲೇ ಇವೆ. ಸಿ ಯಲ್ಲೇ ಸುಸ್ತಾಗಿ ಪುಸ್ತಕ ಮುಚ್ಚುವವರೇ ಹೆಚ್ಚು. ಭಾಷೆಯ ಮುಖ್ಯ ಪದಗಳು ಇಲ್ಲಿ ಆಮೇಲೆ ಬರುವ ಅಕ್ಷರಗಳಲ್ಲಿ ಕೂತಿರುತ್ತವೆ.

ಇನ್ನು ಪದಗಳು ಕಲಸಿಹೋಗುವ ವಿಷಯ. ಇದು ನಿಮ್ಮೊಬ್ಬರ ಕಷ್ಟವಲ್ಲ. ನೋಡಲು, ಕೇಳಲು ಒಂದೇ ಥರ ಇರುವ ಪದಗಳನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಇಸ್ರೇಲಿನ ಸಂಶೋಧಕಿ ಬಾಟಿಯಾ ಲಾಫರ್ ಇಂಥ ಜೋಡಿಗಳ ಮೇಲೆಯೇ ತುಂಬ ಕೆಲಸ ಮಾಡಿದ್ದಾರೆ. ಅಕ್ಷರದ ಪಟ್ಟಿ ಇಂಥ ಪದಗಳನ್ನೇ ಹುಡುಕಿ ತಂದು ಪಕ್ಕಪಕ್ಕ ಕೂರಿಸುತ್ತದೆ. 'ಅಡ್ಯಾಪ್ಟ್' ಅಂದರೆ ಹೊಂದಿಕೊಳ್ಳುವುದು. 'ಅಡೆಪ್ಟ್' ಅಂದರೆ ನುರಿತವರು. 'ಅಡಾಪ್ಟ್' ಅಂದರೆ ದತ್ತು ತೆಗೆದುಕೊಳ್ಳುವುದು, ಇಲ್ಲವೇ ಒಂದು ಪದ್ಧತಿಯನ್ನು ನಮ್ಮದಾಗಿ ಮಾಡಿಕೊಳ್ಳುವುದು. ಬರೆಯುವಾಗ ನಡುವಿನ ಒಂದೇ ಅಕ್ಷರ ಬೇರೆ: ಎ, ಇ, ಓ. ಮೂರನ್ನೂ ಒಂದೇ ಸಂಜೆ ಕಲಿತವರಿಗೆ ಮಾರನೆಯ ದಿನ ಮೂರೂ ಇರುವುದಿಲ್ಲ. ಸಿ ಯಲ್ಲಿ ಇದು ಇನ್ನೂ ಜಾಸ್ತಿ. 'ಕನ್‌ಫರ್ಮ್' ಖಚಿತಪಡಿಸುವುದು, 'ಕನ್‌ಫಾರ್ಮ್' ನಿಯಮಕ್ಕೆ ತಕ್ಕಂತೆ ನಡೆಯುವುದು. 'ಕಾನ್ಶಿಯಸ್' ಅಂದರೆ ಎಚ್ಚರ ಇರುವ, 'ಕಾನ್ಶಿಯೆನ್ಸ್' ಅಂದರೆ ಮನಸ್ಸಾಕ್ಷಿ. 'ಕಾಂಟ್ಯಾಕ್ಟ್' ಸಂಪರ್ಕ, 'ಕಾಂಟ್ರ್ಯಾಕ್ಟ್' ಗುತ್ತಿಗೆ. ಇಂಥ ಜೋಡಿ ಸಿಕ್ಕಾಗ ನೀವು ಮಾಡಬೇಕಾದದ್ದು ಒಂದೇ. ಹೆಚ್ಚು ಬಳಕೆಯ ಪದವನ್ನು ಮೊದಲು ಕಲಿಯಿರಿ. ಅದು ಗಟ್ಟಿಯಾಗಿ ಕೂರಲಿ. ಎರಡು ಮೂರು ವಾರ ಬಿಟ್ಟು ಇನ್ನೊಂದನ್ನು ತನ್ನಿ. ಆಗ ಹೋಲಿಸಿ ನೋಡಿದರೆ ಲಾಭ ಇದೆ, ಮೊದಲೇ ಹೋಲಿಸಿದರೆ ಗೊಂದಲ. ವಿರುದ್ಧ ಪದಗಳಿಗೂ ಇದೇ ಮಾತು. ಹೊಸದಾಗಿ ಕಲಿಯುವ ಎರಡು ವಿರುದ್ಧ ಪದಗಳನ್ನು ಒಂದೇ ದಿನ ಬರೆದುಕೊಳ್ಳಬೇಡಿ.

ಹಾಗಾದರೆ ಬರೆದ ನೋಟ್‌ಬುಕ್ ಎಸೆಯಬೇಕಾ? ಬೇಡ. ಅದರ ಮೇಲೆ ಒಂದು ಪೆನ್ಸಿಲ್ ಓಡಿಸಿ. ಚೆನ್ನಾಗಿ ಗೊತ್ತಿರುವ ಪದಕ್ಕೆ ಒಂದು ಗುರುತು, ಎಲ್ಲೋ ಕೇಳಿದ ಹಾಗಿದೆ ಅನ್ನಿಸುವ ಪದಕ್ಕೆ ಇನ್ನೊಂದು ಗುರುತು. ಉಳಿದವನ್ನು ಹಾಗೇ ಬಿಡಿ. ಎಲ್ಲೋ ಕೇಳಿದ ಹಾಗಿರುವ ಪದಗಳೇ ನಿಮ್ಮ ಈಗಿನ ಪಾಠ. ಅವು ನಿಮಗೆ ಈಗಾಗಲೇ ಅರ್ಧ ಒಲಿದಿವೆ.

ಹೊಸ ಪದಗಳನ್ನು ಮಾತ್ರ ಜಾಗದ ಪ್ರಕಾರ ಕೂಡಿಸಿ. ನೀವು ಬ್ಯಾಂಕ್ ಕೆಲಸಕ್ಕೆ ಓದುತ್ತಿದ್ದೀರಿ, ಹಾಗಾಗಿ ಬ್ಯಾಂಕಿನಿಂದಲೇ ಶುರು ಮಾಡಿ. ನಿಮ್ಮ ಪಾಸ್‌ಬುಕ್, ಹಣ ತೆಗೆಯುವ ಚೀಟಿ, ಎಟಿಎಂ ಪರದೆ ಇವೇ ನಿಮ್ಮ ಪುಸ್ತಕ. 'ಡಿಪಾಸಿಟ್', 'ವಿತ್‌ಡ್ರಾ', 'ಬ್ಯಾಲೆನ್ಸ್', 'ನಾಮಿನಿ', 'ಮೆಚ್ಯೂರಿಟಿ'. 'ಇಂಟರೆಸ್ಟ್' ಅಂದರೆ ಆಸಕ್ತಿ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ, ಇಲ್ಲಿ ಅದು ಬಡ್ಡಿ. 'ಪ್ರಿನ್ಸಿಪಲ್' ಅಂದರೆ ಕಾಲೇಜಿನ ಮುಖ್ಯಸ್ಥರು, ಇಲ್ಲಿ ಅದು ಅಸಲು. ಇದೇ ಉಚ್ಚಾರಣೆಯ ಇನ್ನೊಂದು ಪದ ತತ್ವ ಎಂಬ ಅರ್ಥದ್ದು. ಅದರ ಕೊನೆಗೆ ಎಲ್, ಇ ಬರುತ್ತದೆ. ಅಸಲಿಗೂ ಮುಖ್ಯಸ್ಥರಿಗೂ ಎ, ಎಲ್. ಮಂಡಿಪೇಟೆಯ ವ್ಯಾಪಾರಿಗಳು 'ಓಡಿ' ಅನ್ನುತ್ತಾರಲ್ವಾ, ಅದು 'ಓವರ್‌ಡ್ರಾಫ್ಟ್', ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಅವಕಾಶ. ಕಂತು ಕಟ್ಟುವ ದಿನ ದಾಟಿದರೆ 'ಓವರ್‌ಡ್ಯೂ'. ರೂಮಿನ ಕರೆಂಟ್ ಬಿಲ್ ಕೈಗೆ ಬಂದರೆ ಬಿಸಾಡಬೇಡಿ. ಹಿಂದಿನ ಬಾಕಿಗೆ 'ಅರಿಯರ್ಸ್', ಕಟ್ಟಬೇಕಾದ ಕೊನೆಯ ದಿನಕ್ಕೆ 'ಡ್ಯೂ ಡೇಟ್'. ಇವು ಯಾವ ಅಕ್ಷರದ ಪದಗಳು ಎಂಬುದು ಇಲ್ಲಿ ಮುಖ್ಯವೇ ಅಲ್ಲ. ನೆನಪು ಹುಡುಕುವಾಗ ಆ ಚೀಟಿ, ಆ ಕೌಂಟರ್ ಕಣ್ಣಿಗೆ ಬರುತ್ತದೆ, ಅದರ ಜೊತೆಗೆ ಪದವೂ ಬರುತ್ತದೆ.

ಪತ್ರಿಕೆಯನ್ನೂ ಹೀಗೇ ಬಳಸಿ. ಆದರೆ ಸುಮ್ನೆ ಇಂಗ್ಲಿಷ್ ಪತ್ರಿಕೆ ಕೊಂಡು ಮೊದಲ ಪುಟದಿಂದ ಓದಬೇಡಿ, ಬೇಗ ಬೇಸರ ಬರುತ್ತದೆ. ನಿಮಗೆ ಗೊತ್ತಿರುವ ನಮ್ಮ ಜಿಲ್ಲೆಯ ಒಂದು ಸುದ್ದಿ ಹಿಡಿಯಿರಿ. ಕನ್ನಡ ಪತ್ರಿಕೆಯಲ್ಲಿ ಮೊದಲು ಓದಿ, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ಭದ್ರಾ ನೀರಿನ ಸುದ್ದಿಯನ್ನೇ ತೆಗೆದುಕೊಳ್ಳಿ. ಜಲಾಶಯಕ್ಕೆ 'ರೆಸರ್ವಾಯರ್'. ಒಳಹರಿವು 'ಇನ್‌ಫ್ಲೋ', ಹೊರಹರಿವು 'ಔಟ್‌ಫ್ಲೋ'. ನಾವು ಅಚ್ಚುಕಟ್ಟು ಅನ್ನುವುದು 'ಕಮಾಂಡ್ ಏರಿಯಾ'. ನಾಲೆಯ ಕೊನೆ ಭಾಗಕ್ಕೆ ನೀರು ತಲುಪಲಿಲ್ಲ ಎಂದು ರೈತರು ಕೂಗುತ್ತಾರಲ್ಲ, ಆ ಕೊನೆ ಭಾಗ 'ಟೇಲ್ ಎಂಡ್'. ಹೊಲದಲ್ಲಿ ನಿಂತಿರುವ ಬೆಳೆ 'ಸ್ಟ್ಯಾಂಡಿಂಗ್ ಕ್ರಾಪ್'. ಭದ್ರಾ 186 ಅಡಿ ತುಂಬಿದ ದಿನದ ಸುದ್ದಿಯಲ್ಲಿ 'ಬ್ರಿಮ್' ಎಂಬ ಪದ ಕಾಣಬಹುದು, ಅಂದರೆ ಅಂಚು, ತುಳುಕುವ ಮಟ್ಟ. ಹರಿಹರದಲ್ಲಿ ತುಂಗಭದ್ರೆ ಉಕ್ಕಿ ಇಳಿದಾಗ 'ರಿಸೀಡ್' ಬರುತ್ತದೆ, ನೀರು ಹಿಂದೆ ಸರಿಯಿತು ಎಂದು. ಮಳೆಯ ಜೋರು ಕಡಿಮೆಯಾದರೆ 'ಅಬೇಟ್'. ಇದು ನಿಮ್ಮ ಎ ಪುಟದಲ್ಲೂ ಇರಬೇಕು, 'ಕಡಿಮೆಯಾಗು' ಎಂಬ ಒಣ ಅರ್ಥದ ಜೊತೆ. ಅಲ್ಲಿ ಅದು ನಿಲ್ಲಲಿಲ್ಲ. ಹೊಳೆಯ ಸುದ್ದಿಯಲ್ಲಿ ಎರಡು ಸಲ ಓದಿ ನೋಡಿ, ನಿಲ್ಲುತ್ತದೆ.

ನಿಮ್ಮ ಪರೀಕ್ಷೆಗೂ ಇದೇ ಅನುಕೂಲ. ಅಲ್ಲಿ ಒಂದು ಪದ ಕೊಟ್ಟು ಅರ್ಥ ಕೇಳುವುದಕ್ಕಿಂತ, ಒಂದು ಭಾಗ ಕೊಟ್ಟು ಓದಿಸುವುದು, ಬಿಟ್ಟ ಸ್ಥಳ ತುಂಬಿಸುವುದು, ವಾಕ್ಯದ ತಪ್ಪು ಹುಡುಕಿಸುವುದು ಜಾಸ್ತಿ. ಪದವನ್ನು ವಾಕ್ಯದೊಳಗೆ ನೋಡಿದವರಿಗೇ ಇವು ಬರುತ್ತವೆ.

ಈಗ ಕನ್ನಡ ಅರ್ಥದ ಪ್ರಶ್ನೆ. ಕನ್ನಡ ಅರ್ಥ ಖಂಡಿತ ಬರೆದುಕೊಳ್ಳಿ. ನಿಮ್ಮ ತಲೆ ಕನ್ನಡದಲ್ಲಿ ಯೋಚಿಸುತ್ತದೆ, ಅದನ್ನು ಬಾಗಿಲ ಹೊರಗೆ ನಿಲ್ಲಿಸಿ ಕಲಿಯುವ ಅಗತ್ಯ ಇಲ್ಲ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಕೊಟ್ಟ ಅರ್ಥ ಅರ್ಧಂಬರ್ಧ ತಿಳಿಯುವುದಕ್ಕಿಂತ, ಕನ್ನಡದಲ್ಲಿ ಪೂರ್ತಿ ತಿಳಿಯುವುದು ಎಷ್ಟೋ ಮೇಲು. ಆದರೆ ಒಂದು ಪದಕ್ಕೆ ಒಂದು ಪದ ಎಂದು ಗೆರೆ ಎಳೆದು ಬರೆಯುವುದರಲ್ಲಿ ಮೋಸ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ 'ಮಾಡು' ನೋಡಿ. ತಪ್ಪು ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಊಟ ಮಾಡುತ್ತೇವೆ, ಹೋಮ್‌ವರ್ಕ್ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ, ಫೋನ್ ಮಾಡುತ್ತೇವೆ. ಎಲ್ಲದಕ್ಕೂ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ತಪ್ಪಿಗೆ 'ಮೇಕ್ ಎ ಮಿಸ್ಟೇಕ್', ಸ್ನಾನಕ್ಕೆ 'ಟೇಕ್ ಎ ಬಾತ್', ಊಟಕ್ಕೆ 'ಹ್ಯಾವ್ ಲಂಚ್', ಹೋಮ್‌ವರ್ಕಿಗೆ 'ಡು', ನಿದ್ದೆಗೆ ಬರೀ 'ಸ್ಲೀಪ್', ಫೋನಿಗೆ 'ಕಾಲ್'. 'ಮಾಡು ಅಂದರೆ ಡು' ಎಂದು ಬರೆದುಕೊಂಡವರು 'ಡು ಎ ಮಿಸ್ಟೇಕ್' ಎನ್ನುತ್ತಾರೆ. ಪದ ಗೊತ್ತು, ಜೊತೆಗಾರ ಗೊತ್ತಿಲ್ಲ. 'ಆಗು' ಕೂಡ ಹಾಗೆಯೇ. ನೆಗಡಿ ಆಯಿತು ಅನ್ನುತ್ತೇವೆ, ಅವರು ನೆಗಡಿಯನ್ನು ಹಿಡಿಯುತ್ತಾರೆ, 'ಕ್ಯಾಚ್ ಎ ಕೋಲ್ಡ್'. ತಡ ಆಯಿತು ಅನ್ನುತ್ತೇವೆ, ಅವರು 'ಐ ಆಮ್ ಲೇಟ್' ಅನ್ನುತ್ತಾರೆ. ಹಾಗಾಗಿ ಒಂಟಿ ಪದ ಬರೆಯಬೇಡಿ, ಜೊತೆಗಾರನ ಸಮೇತ ಬರೆಯಿರಿ. 'ಮಿಸ್ಟೇಕ್: ತಪ್ಪು' ಬೇಡ, 'ಮೇಕ್ ಎ ಮಿಸ್ಟೇಕ್: ತಪ್ಪು ಮಾಡು' ಇರಲಿ.

ಹಿಂದೆ ಮುಂದೆ ಬರುವ ಚಿಕ್ಕ ಪದಗಳನ್ನೂ ಹೀಗೇ ಅಂಟಿಸಿಕೊಳ್ಳಿ. ನಾವು ಒಬ್ಬರ ಜೊತೆ ಮದುವೆ ಆಗುತ್ತೇವೆ. 'ಜೊತೆ'ಗೆ 'ವಿತ್' ಹಾಕಿ 'ಮ್ಯಾರೀಡ್ ವಿತ್' ಎಂದು ಬರೆಯುವವರು ತುಂಬ ಇದ್ದಾರೆ. ಅದು 'ಮ್ಯಾರೀಡ್ ಟು'. ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಹಾಗಾಗಿ 'ಡಿಸ್ಕಸ್ ಅಬೌಟ್' ಎಂದು ಬರುತ್ತದೆ. 'ಡಿಸ್ಕಸ್' ಮುಂದೆ 'ಅಬೌಟ್' ಬೇಕಿಲ್ಲ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಇಂಥವನ್ನೇ ಇಟ್ಟಿರುತ್ತಾರೆ.

ನಮ್ಮ ಮಾತಿನಲ್ಲಿ ಆಗಲೇ ನೆಲೆಸಿರುವ ಇಂಗ್ಲಿಷ್ ಪದಗಳು ದೊಡ್ಡ ಆಸ್ತಿ. ಹಳ್ಳಿಯಿಂದ ಬಂದವರು ತಮಗೆ ಇಂಗ್ಲಿಷ್ ಪದವೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. ಬಸ್ಸು, ಗೋಡೌನು, ಲೋಡು, ಬಿಲ್ಲು, ರೇಟು, ಗೇಟು, ಮೋಟಾರು, ಪೈಪು, ಇವೆಲ್ಲ ನಿಮ್ಮ ಅಜ್ಜಿಗೂ ಗೊತ್ತು. ಕೊನೆಯ ಉಕಾರ ತೆಗೆದರೆ ಇಂಗ್ಲಿಷ್ ಪದ. ಕೆಲವದರ ಅರ್ಥ ಮಾತ್ರ ನಮ್ಮಲ್ಲಿಗೆ ಬಂದು ಸ್ವಲ್ಪ ಜರುಗಿದೆ. ಬೆಣ್ಣೆ ದೋಸೆ ತಿನ್ನುವ ಜಾಗ ನಮಗೆ ಹೋಟೆಲ್, ಇಂಗ್ಲಿಷಿನವರಿಗೆ ಹೋಟೆಲ್ ಎಂದರೆ ಉಳಿದುಕೊಳ್ಳುವ ಜಾಗ. ತಿನ್ನುವ ಜಾಗಕ್ಕೆ ಅವರು 'ರೆಸ್ಟೋರೆಂಟ್' ಅನ್ನುತ್ತಾರೆ. ಡಿಗ್ರಿ ಮುಗಿಸಿದ್ದಕ್ಕೆ ನಾವು 'ಪಾಸ್ ಔಟ್' ಅನ್ನುತ್ತೇವೆ, ಅವರಿಗೆ ಹಾಗಂದರೆ ಪ್ರಜ್ಞೆ ತಪ್ಪಿ ಬೀಳುವುದು. ಸಂದರ್ಶನದಲ್ಲಿ 'ಗ್ರ್ಯಾಜುಯೇಟೆಡ್' ಎಂದು ಹೇಳಿ. ಇಂಗ್ಲಿಷ್ ನಮಗೆ ಪದ ಕೊಟ್ಟಿದೆ, ನಮ್ಮಿಂದ ತೆಗೆದುಕೊಂಡೂ ಇದೆ. ಎ ಪುಟದಲ್ಲಿ 'ಅರೆಕಾ' ಇದೆಯಾ ನೋಡಿ. ಚನ್ನಗಿರಿಯ ತೋಟದಲ್ಲಿರುವ ನಮ್ಮ ಅಡಿಕೆಯೇ ಅದು. ಮಲಯಾಳದ, ಕನ್ನಡದ ಈ ಪದ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿದೆ.

ಮೊದಲ ಅಕ್ಷರ ಏನಕ್ಕೂ ಪ್ರಯೋಜನ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿ ಸಹಾಯಕ್ಕೆ ಬರುವ ಜಾಗಗಳಿವೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಹೇಳುತ್ತೇನೆ. ಕನ್ನಡದಲ್ಲಿ ಇಲ್ಲಿ, ಅಲ್ಲಿ, ಎಲ್ಲಿ. ಮೊದಲ ಅಕ್ಷರ ಬದಲಾದರೆ ಸಾಕು, ಹತ್ತಿರದ್ದು, ದೂರದ್ದು, ಪ್ರಶ್ನೆ ಆಗಿಬಿಡುತ್ತದೆ. ಇಂಗ್ಲಿಷಿನಲ್ಲೂ 'ಹಿಯರ್', 'ದೇರ್', 'ವೇರ್'. ಟಿ, ಎಚ್ ಬಂದರೆ ತೋರಿಸುವ ಪದ. ಡಬ್ಲ್ಯೂ, ಎಚ್ ಬಂದರೆ ಕೇಳುವ ಪದ. 'ದಟ್' ಅದು, 'ವಾಟ್' ಏನು. 'ದೆನ್' ಆಗ, 'ವೆನ್' ಯಾವಾಗ. 'ಹೌ' ಒಂದು ಮಾತ್ರ ಗುಂಪು ಬಿಟ್ಟು ನಿಂತಿದೆ. ಈ ಪುಟ್ಟ ಪದಗಳನ್ನು ಹೀಗೆ ಜೋಡಿಯಾಗಿ ಓದಿದರೆ ಕಲಸಿಹೋಗುವುದಿಲ್ಲ, ಯಾಕೆಂದರೆ ನಮ್ಮ ಭಾಷೆಯಲ್ಲೇ ಅದರ ಅಚ್ಚು ಇದೆ.

ಎರಡನೆಯದು ಪದದ ಮುಂದೆ ಬಂದು ಕೂರುವ ತುಣುಕುಗಳು. ಸಾಧ್ಯ, ಅಸಾಧ್ಯ. ನ್ಯಾಯ, ಅನ್ಯಾಯ. ಈ 'ಅ' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಅನ್', 'ಇನ್', 'ಡಿಸ್' ಮಾಡುತ್ತವೆ. 'ಇನ್' ಮುಂದಿನ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ, ನಮ್ಮ ಸಂಧಿಯ ಹಾಗೆಯೇ. ಪಿ, ಬಿ, ಎಂ ಮುಂದೆ 'ಇಮ್': 'ಇಂಪಾಸಿಬಲ್'. ಎಲ್ ಮುಂದೆ 'ಇಲ್': 'ಇಲ್ಲೀಗಲ್'. ಆರ್ ಮುಂದೆ 'ಇರ್': 'ಇರ್‍ರೆಗ್ಯುಲರ್'. ಅದಕ್ಕೇ ಈ ಪದಗಳಲ್ಲಿ ಎಲ್ ಮತ್ತು ಆರ್ ಎರಡೆರಡು ಸಲ ಬರೆಯಬೇಕು. 'ಮಿಸ್' ಅಂದರೆ ತಪ್ಪಾಗಿ: 'ಮಿಸ್‌ಯೂಸ್' ದುರುಪಯೋಗ. 'ಪ್ರೀ' ಅಂದರೆ ಮೊದಲೇ: 'ಪ್ರೀಪೇಯ್ಡ್'. 'ರೀ' ಅಂದರೆ ಮತ್ತೆ: 'ರೀಚಾರ್ಜ್'. 'ಓವರ್' ಅಂದರೆ ಮಿತಿ ಮೀರಿ: 'ಓವರ್‌ಲೋಡ್'. ಇಂಥ ಹತ್ತು ಹನ್ನೆರಡು ತುಣುಕು ಬಂದರೆ ನೂರಾರು ಪದಗಳು ಅರ್ಥ ಬಿಟ್ಟುಕೊಡುತ್ತವೆ. ಕೊನೆಗೆ ಅಂಟುವವೂ ಹಾಗೇ. ನಮ್ಮ 'ತನ'ಕ್ಕೆ 'ನೆಸ್': 'ಕೈಂಡ್‌ನೆಸ್' ಒಳ್ಳೆಯತನ. ನಮ್ಮ 'ಗಾರ'ನಿಗೆ ಹೆಚ್ಚಾಗಿ 'ಅರ್': 'ಸಿಂಗರ್' ಹಾಡುಗಾರ.

ಆದರೆ ಕಣ್ಣು ಮುಚ್ಚಿಕೊಂಡು ನಂಬಬೇಡಿ. 'ರೆಡಿ', 'ರೆಂಟ್' ಪದಗಳಲ್ಲಿ 'ಮತ್ತೆ' ಎಂಬ ಅರ್ಥ ಇಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವ ಟ್ಯಾಂಕರ್‌ಗಳ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಎಂದು ಬರೆದಿರುತ್ತಾರೆ. 'ಇನ್' ಇದೆ, ಹಾಗಾಗಿ ಬೆಂಕಿ ಹತ್ತುವುದಿಲ್ಲ ಅಂದುಕೊಂಡರೆ ಪ್ರಾಣಕ್ಕೇ ಅಪಾಯ. 'ಫ್ಲೇಮಬಲ್' ಆಗಲಿ 'ಇನ್‌ಫ್ಲೇಮಬಲ್' ಆಗಲಿ, ಎರಡಕ್ಕೂ ಬೇಗ ಬೆಂಕಿ ಹತ್ತುವಂಥದ್ದು ಎಂದೇ ಅರ್ಥ.

ಮೂರನೆಯದು ಬರವಣಿಗೆ ಮತ್ತು ಉಚ್ಚಾರಣೆಯ ಜಗಳ. ನಾವು ಬರೆದ ಹಾಗೆ ಓದುವವರು, ಹಾಗಾಗಿ ಕನ್ನಡ ಮಾಧ್ಯಮದವರಿಗೆ ಇದು ಕಷ್ಟ. 'ನೈಫ್', 'ನೀ', 'ನೋ' ಪದಗಳ ಮುಂದೆ ಇರುವ ಕೆ ಸುಮ್ನೆ ಬಂದದ್ದಲ್ಲ. ಹಿಂದೆ ಇಂಗ್ಲಿಷಿನವರು ಅದನ್ನು ಉಚ್ಚರಿಸುತ್ತಿದ್ದರು. ಸುಮಾರು 17ನೇ ಶತಮಾನದ ಹೊತ್ತಿಗೆ ಆ ಧ್ವನಿ ಬಿದ್ದುಹೋಯಿತು, ಅಕ್ಷರ ಉಳಿಯಿತು. ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ 'ಕ್ನೀ' ಎನ್ನುತ್ತಾರೆ. ಸಿ, ಎಚ್ ಸೇರಿದರೆ ಮೂರು ಉಚ್ಚಾರಣೆ. ಚಿತ್ರದುರ್ಗದ ಚ ಬರುವುದು 'ಚೇರ್', 'ಚೈಲ್ಡ್'ನಲ್ಲಿ. 'ಕೆಮಿಸ್ಟ್ರಿ', 'ಕ್ಯಾರೆಕ್ಟರ್' ಗ್ರೀಕ್ ಮೂಲದವು, ಅಲ್ಲಿ ಕ. 'ಮಶೀನ್', 'ಶೆಫ್' ಫ್ರೆಂಚಿನಿಂದ ಬಂದವು, ಅಲ್ಲಿ ಶ.

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇಲ್ಲೊಂದಿದೆ. ಪದದ ಮುಂದೆ 'ಎ' ಹಾಕಬೇಕೋ 'ಆನ್' ಹಾಕಬೇಕೋ ಎಂಬುದನ್ನು ಅಕ್ಷರ ನೋಡಿ ತೀರ್ಮಾನಿಸಬಾರದು, ಧ್ವನಿ ಕೇಳಿ ತೀರ್ಮಾನಿಸಬೇಕು. 'ಯೂನಿವರ್ಸಿಟಿ' ಬರೆಯುವುದು ಯು ಅಕ್ಷರದಿಂದ, ಕೇಳುವುದು ಯ ಧ್ವನಿ. ಹಾಗಾಗಿ ತೋಳಹುಣಸೆಯಲ್ಲಿರುವುದು 'ಎ ಯೂನಿವರ್ಸಿಟಿ'. 'ಅವರ್' ಅಂದರೆ ಗಂಟೆ, ಬರೆಯುವುದು ಎಚ್‌ನಿಂದ, ಕೇಳುವುದು ಸ್ವರ. ಹಾಗಾಗಿ 'ಆನ್ ಅವರ್'. 'ಎಂಎಲ್ಎ' ಹೇಳುವಾಗ ಬಾಯಿ ತೆರೆಯುವುದು 'ಎ' ಎಂದೇ, ಅದಕ್ಕೆ 'ಆನ್ ಎಂಎಲ್ಎ'.

ಕ್ಯು, ಎಕ್ಸ್, ಝಡ್ ಪುಟಗಳಿಗೆ ಸಮಯ ಕೊಡಬೇಡಿ. ಕ್ಯು ಆದ ಮೇಲೆ ಬಹುಮಟ್ಟಿಗೆ ಯು ಬಂದೇ ಬರುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ಎಕ್ಸ್‌ನಲ್ಲಿ ನಿಮಗೆ ಬೇಕಾಗುವುದು 'ಎಕ್ಸ್‌ರೇ' ಒಂದೇ.

ಮರೆವಿನ ಬಗ್ಗೆ ಕೇಳಿದ್ದೀರಿ. ಹರ್ಮನ್ ಎಬಿಂಗ್‌ಹೌ‌ಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಬರೆದರು. ಮರೆವು ಶುರುವಿನಲ್ಲೇ ಜೋರು, ಆಮೇಲೆ ನಿಧಾನ. ಒಂದೇ ದಿನ ಗಂಟೆಗಟ್ಟಲೆ ಓದುವುದಕ್ಕಿಂತ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೋಡಿದರೆ ಹೆಚ್ಚು ಉಳಿಯುತ್ತದೆ. ನೀವು ಎ ಮುಗಿಸಿ ಬಿ ಗೆ ಹೋದವರು ಎ ಕಡೆ ತಿರುಗಿ ನೋಡಲಿಲ್ಲ. ಹಾಗಾದರೆ ಯಾರಿಗಾದರೂ ಮರೆಯುತ್ತದೆ.

ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು 1972ರಲ್ಲಿ ಹೇಳಿಕೊಟ್ಟ ಡಬ್ಬಿಯ ವಿಧಾನ ಬಹಳ ಒಳ್ಳೆಯದು, ಖರ್ಚೂ ಇಲ್ಲ. ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಚಿಕ್ಕ ಚೀಟಿಗಳಾಗಿ ಕತ್ತರಿಸಿ ಎರಡೆರಡು ಅಂಟಿಸಿಕೊಳ್ಳಿ. ಒಂದು ಬದಿಗೆ ಕನ್ನಡದಲ್ಲಿ 'ಸಾಲದ ಕಂತಿನ ದಿನ ದಾಟಿದೆ' ಎಂದು ಬರೆಯಿರಿ. ಇನ್ನೊಂದು ಬದಿಗೆ ಅದರ ಇಂಗ್ಲಿಷ್ ವಾಕ್ಯ, ಹೊಸ ಪದದ ಕೆಳಗೆ ಗೆರೆ. ಶೂ ಡಬ್ಬಿಯಲ್ಲಿ ಮೂರು ಖಾನೆ ಮಾಡಿ. ಮೊದಲ ಖಾನೆ ದಿನಾ ನೋಡಬೇಕು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಕನ್ನಡ ಬದಿ ನೋಡಿ ಇಂಗ್ಲಿಷ್ ಬಾಯಲ್ಲಿ ಹೇಳಿ. ಸರಿ ಬಂದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲ ಖಾನೆಗೆ. ಚೀಟಿ ತಿರುಗಿಸುವ ಮೊದಲು ನೆನಪಿಸಿಕೊಳ್ಳಲು ಒದ್ದಾಡಬೇಕು. ಆ ಒದ್ದಾಟದಲ್ಲೇ ಕಲಿಕೆ ಇರುವುದು. ಉತ್ತರ ನೋಡಿಕೊಂಡು ಹತ್ತು ಸಲ ಓದಿದರೆ ಗೊತ್ತಿದೆ ಅನ್ನಿಸುತ್ತದೆ, ಗೊತ್ತಿರುವುದಿಲ್ಲ.

ದಿನಕ್ಕೆ ಎಂಟು ಹತ್ತು ಹೊಸ ಪದ ಸಾಕು. ದಿನಕ್ಕೆ ಐವತ್ತು ಕಲಿಯಿರಿ ಎನ್ನುವವರ ಮಾತು ಕೇಳಬೇಡಿ. ಹಳೆಯ ಚೀಟಿಗಳು ಮೊದಲು, ಹೊಸವು ಆಮೇಲೆ. ಮೊದಲ ಖಾನೆ ತುಂಬಿ ತುಳುಕುತ್ತಿದ್ದರೆ ಆ ದಿನ ಹೊಸ ಪದ ಒಂದೂ ಬೇಡ.

ಮಾತಾಡುವಾಗ ಪದ ಬಾರದಿರುವುದಕ್ಕೆ ಕಾರಣ, ಇಷ್ಟು ದಿನ ಅವು ಕಣ್ಣಿನಿಂದ ಒಳಗೆ ಹೋಗಿವೆ, ಬಾಯಿಂದ ಒಮ್ಮೆಯೂ ಹೊರಗೆ ಬಂದಿಲ್ಲ. ಚೀಟಿಯ ವಾಕ್ಯವನ್ನು ಜೋರಾಗಿ ಹೇಳಿ. ರೂಮಿನ ಗೆಳೆಯರ ಜೊತೆ ಊಟದ ಹೊತ್ತಿಗೆ ಆ ದಿನದ ಪದಗಳನ್ನು ಬಳಸಿ ನಾಲ್ಕು ಮಾತಾಡಿ. ಒಂದು ಪದ ಸಿಗದಿದ್ದರೆ ಅಲ್ಲಿಗೇ ನಿಲ್ಲಬೇಡಿ, ಗೊತ್ತಿರುವ ಪದಗಳಿಂದ ಸುತ್ತಿಕೊಂಡು ಹೋಗಿ. ದಾಳಿಂಬೆಗೆ 'ಪಾಮೆಗ್ರಾನೆಟ್' ನೆನಪಾಗದಿದ್ದರೆ, ಹೊಸದುರ್ಗದ ಕಡೆ ಬೆಳೆಯುವ, ಒಳಗೆ ತುಂಬ ಕೆಂಪು ಬೀಜ ಇರುವ ಹಣ್ಣು ಎಂದು ಇಂಗ್ಲಿಷಿನಲ್ಲಿ ಹೇಳಿ. 'ಫ್ರೂಟ್', 'ರೆಡ್', 'ಸೀಡ್ಸ್', 'ಮೆನಿ' ಇಷ್ಟೇ ಬೇಕಾದದ್ದು. ಎದುರಿನವರು ತಾವೇ ಆ ಪದ ಹೇಳುತ್ತಾರೆ. ಹಾಗೆ ಸಿಕ್ಕ ಪದವನ್ನು ಆ ರಾತ್ರಿಯೇ ಚೀಟಿಗೆ ಇಳಿಸಿ.

ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಹೊಸ ಚೀಟಿ ಬರೆಯುವುದನ್ನು ನಿಲ್ಲಿಸಿ. ಆ ಸಮಯವನ್ನು ಹಳೆಯ ಪ್ರಶ್ನೆಪತ್ರಿಕೆಗಳ ಓದುವ ಭಾಗಕ್ಕೆ ಕೊಡಿ, ಗಡಿಯಾರ ಎದುರಿಗಿಟ್ಟುಕೊಂಡು. ಗೊತ್ತಿಲ್ಲದ ಪದ ಬಂದರೆ ಹಿಂದಿನ ಮುಂದಿನ ವಾಕ್ಯ ಓದಿ ಅರ್ಥ ಊಹಿಸಿ, ಉತ್ತರ ಬರೆದ ಮೇಲೆಯೇ ನಿಘಂಟು ತೆಗೆಯಿರಿ.